ಮೂರನೆಯ ಮೊಳೆಯ ಫೋಟೋ

ರಾಜಾಜಿನಗರದ ನಮ್ಮ ಮನೆಯ ಮುಂದಿನ ಕೋಣೆಯ ಗೋಡೆಯಲ್ಲಿ ಮೂರು ಮೊಳೆಗಳಿದ್ದವು. ಮೊದಲನೆಯದರಲ್ಲಿ ಅಪ್ಪನ ಊಟದ ಚೀಲ ತೂಗುತ್ತಿತ್ತು, ಎರಡನೆಯದರಲ್ಲಿ ಕ್ಯಾಲೆಂಡರು, ಮೂರನೆಯದರಲ್ಲಿ ಅಪ್ಪ ಅಮ್ಮನ ಮದುವೆಯ ಫೋಟೋ. ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಮನೆಗಳಲ್ಲಿ ನಮ್ಮದೂ ಒಂದು. ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಬಚ್ಚಲು, ಒಗೆಯುವ ಕಲ್ಲು, ಎದೆಯೆತ್ತರದ ಗೋಡೆ. ಆ ಗೋಡೆಯ ಆಚೆ ಸರೋಜಮ್ಮನ ಮನೆ. ಅಮ್ಮ ಮರದ ಹೊಟ್ಟಿನ ಒಲೆಯಲ್ಲಿ ಅಡುಗೆ ಮಾಡುತ್ತಿದ್ದಳು. ಅದರ ಹೊಗೆ ಕಿಟಕಿಯಿಂದ ಹೋಗುವ ಬದಲು ಮುಂದಿನ ಕೋಣೆಗೇ ಬರುತ್ತಿತ್ತು. ಹಬ್ಬಕ್ಕೆ ಸುಣ್ಣ ಬಳಿದ ಗೋಡೆ ಮೂರು ತಿಂಗಳಿಗೆ ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗುತ್ತಿತ್ತು. ಫೋಟೋದಲ್ಲಿ ಅಪ್ಪ ಪೇಟ ಕಟ್ಟಿಕೊಂಡು ಕುರ್ಚಿಯಲ್ಲಿ ಬಿಗಿಯಾಗಿ ಕುಳಿತಿದ್ದಾನೆ. ಪಕ್ಕದಲ್ಲಿ ಅಮ್ಮ ತಲೆ ತಗ್ಗಿಸಿ ನಿಂತಿದ್ದಾಳೆ. ಅಮ್ಮನ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಅರ್ಧ ತಿಂದ ಬಾಳೆಹಣ್ಣು ಹಿಡಿದು, ಬೋಳುತಲೆಯ, ಇನ್ನೂ ಎರಡು ತುಂಬದ ಮಗುವೊಂದು ನಿಂತಿದೆ. ಕೆಳಗೆ ಸ್ಟುಡಿಯೋದವರು ಬಿಳಿಯ ಅಕ್ಷರದಲ್ಲಿ ಮದುವೆಯ ತಾರೀಖು ಬರೆದಿದ್ದರು. ಆ ಮಗು ಗಂಗಾಧರ, ಅಮ್ಮನ ಅಕ್ಕನ ಮಗ. ಆ ಫೋಟೋವನ್ನು ಇಟ್ಟುಕೊಂಡು ನಾನು ಏನು ಮಾಡಿದೆ ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ನನ್ನನ್ನು ಬಲ್ಲವರು ನನ್ನನ್ನು ವಯಸ್ಸಿನ ವಿಷಯದಲ್ಲಿ ಯಾರಿಗೂ ಬಗ್ಗದ ಮೇಷ್ಟ್ರು ಎಂದೇ ಬಲ್ಲರು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆಮೇಲೆ ದೈಹಿಕ ಶಿಕ್ಷಣದ ಒಂದು ಸರ್ಟಿಫಿಕೇಟು ಮಾಡಿಕೊಂಡು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾದೆ. ಭಾನುವಾರಗಳಲ್ಲಿ ಲೀಗ್ ಕ್ರಿಕೆಟ್ ಆಡಿದೆ, ಸಾಧಾರಣವಾಗಿ ಆಡಿದೆ. ಮೊಣಕಾಲು ಕೈಕೊಟ್ಟ ಮೇಲೆ ಶಾಲಾ ಕ್ರೀಡೆಗಳ ಸಂಘವೊಂದರಲ್ಲಿ ಮೊದಲು ಸದಸ್ಯ, ನಂತರ ಬಹಳ ಕಾಲ ಕಾರ್ಯದರ್ಶಿ. ಹುಡುಗರ ಜನ್ಮದಿನಾಂಕ ಪರಿಶೀಲಿಸುವುದು ನನ್ನ ಮುಖ್ಯ ಕೆಲಸವಾಗಿತ್ತು. ಟಿ.ಸಿ. ನೋಡುತ್ತಿದ್ದೆ, ಹಲ್ಲು ನೋಡುತ್ತಿದ್ದೆ, ಅಕ್ಕತಂಗಿಯರ ಹೆಸರು ಕೇಳಿ ಅವರ ವಯಸ್ಸನ್ನೂ ಕೇಳುತ್ತಿದ್ದೆ. ಮೋಸ ಸಿಕ್ಕಿದರೆ ಅಂಥ ಹುಡುಗನನ್ನು ಎಷ್ಟು ದೊಡ್ಡವರು ಹೇಳಿದರೂ ಮೈದಾನಕ್ಕೆ ಬಿಡುತ್ತಿರಲಿಲ್ಲ. ನನ್ನ ಈ ಗುಣ ಎಲ್ಲಿಂದ ಬಂತೆಂದು ಸನ್ಮಾನ ಸಭೆಗಳಲ್ಲಿ ಕೇಳಿದಾಗ, ಮನೆಯಿಂದ ಬಂತು ಎನ್ನುತ್ತಿದ್ದೆ. ಅದು ಸುಳ್ಳಲ್ಲ.

ಗಂಗಾಧರ ನಮ್ಮ ಮನೆಗೆ ಬಂದಾಗ ನನಗೆ ಏಳು, ಅವನಿಗೆ ಹತ್ತು. ಮಾಗಡಿ ಕಡೆಯ ಅವರ ಊರಿನಲ್ಲಿ ದೊಡ್ಡಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಆ ಎರಡು ವರ್ಷ ಅವನು ಶಾಲೆಯ ಮುಖ ನೋಡಿರಲಿಲ್ಲ. ಅಪ್ಪ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್. ಅರ್ಧ ದಿನದ ರಜೆ ಹಾಕಿ ಅವನನ್ನು ಶಾಲೆಗೆ ಸೇರಿಸಲು ಕರೆದುಕೊಂಡು ಹೋದಾಗ ನಾನೂ ಜೊತೆಗಿದ್ದೆ. ಹೆಡ್‌ಮೇಷ್ಟ್ರು ಅವನನ್ನು ಒಮ್ಮೆ ನೋಡಿ, ಮೂರನೇ ಕ್ಲಾಸಿನ ಮಕ್ಕಳ ಜೊತೆ ಇಷ್ಟು ದೊಡ್ಡವನನ್ನು ಕೂರಿಸಿದರೆ ನಗುತ್ತಾರೆ, ಎರಡು ವರ್ಷ ಕಡಿಮೆ ಬರೆದುಬಿಡೋಣ, ಮುಂದೆ ಸರ್ವಿಸ್ಸಿಗೆ ಸೇರಿದರೂ ಎರಡು ವರ್ಷ ಹೆಚ್ಚಿಗೆ ಸಿಗುತ್ತದೆ ಎಂದರು. ಅಪ್ಪ ಕೈಮುಗಿದ. ಅದರಲ್ಲಿ ತಪ್ಪಿದೆಯೆಂದು ಆ ಕೋಣೆಯಲ್ಲಿದ್ದ ಯಾರಿಗೂ ಅನ್ನಿಸಲಿಲ್ಲ. ನನ್ನ ಜನ್ಮದಿನಾಂಕವನ್ನೂ ಅವರೇ ಬರೆದದ್ದು. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿ ಮುಟ್ಟಿಸಿಕೊಂಡು, ಜೂನ್ ಒಂದು ಎಂದು ಹಾಕಿದ್ದರು. ನಾನು ಹುಟ್ಟಿದ್ದು ದೀಪಾವಳಿಯ ಹಿಂದುಮುಂದೆ ಎಂದು ಅಮ್ಮ ಹೇಳುತ್ತಿದ್ದಳು. ನನ್ನ ತಪ್ಪು ತಾರೀಖಿನಲ್ಲೇ ನಾನು ಸಂಬಳ ಪಡೆದು ನಿವೃತ್ತನಾದೆ.

ಗಂಗಣ್ಣ, ನಾನು ಹಾಗೇ ಕರೆಯುತ್ತಿದ್ದೆ, ವೇಗವಾಗಿ ಬೌಲಿಂಗ್ ಮಾಡುತ್ತಿದ್ದ. ಶಾಲೆಯ ಮೈದಾನದಲ್ಲಿ ತೆಂಗಿನ ನಾರಿನ ಮ್ಯಾಟು ಹಾಸಿ ಆಡುತ್ತಿದ್ದೆವು. ಆ ಮ್ಯಾಟಿನ ಮೇಲೆ ಅವನ ಚೆಂಡು ಪುಟಿದು ಎದೆಯವರೆಗೆ ಬರುವಾಗ ದೊಡ್ಡ ಹುಡುಗರೂ ಮುಖ ತಿರುಗಿಸುತ್ತಿದ್ದರು. ನಾನೂ ಬೌಲರ್ರೇ. ಅವನ ಓಟ, ಅವನು ಕೈ ತಿರುಗಿಸುವ ರೀತಿ, ಕೊನೆಗೆ ಅವನು ಮೂಗು ಒರೆಸಿಕೊಳ್ಳುವ ರೀತಿಯನ್ನೂ ನೋಡಿ ಕಲಿತವನು. ಅಪ್ಪ ಚಿಕ್ಕವನಿದ್ದಾಗ ಕ್ರಿಕೆಟ್ಟಿನ ಆಸೆಯಿದ್ದು ಆಡಲು ಸಿಗದವನು. ಸಂಜೆ ಕಾರ್ಖಾನೆಯಿಂದ ಬಂದವನೇ ಕೈಗೆ ಹತ್ತಿದ ಎಣ್ಣೆಯನ್ನು ಹೊಟ್ಟಿನಲ್ಲಿ ಉಜ್ಜಿಕೊಂಡು, ಕಾಫಿಯನ್ನೂ ಕುಡಿಯದೆ ಬೀದಿಗೆ ಇಳಿಯುತ್ತಿದ್ದ. ಒಗೆಯುವ ಕಲ್ಲಿನಷ್ಟು ಉದ್ದದ ಗೆರೆಯೊಂದನ್ನು ಸೀಮೆಸುಣ್ಣದಲ್ಲಿ ಎಳೆದು, ಅಲ್ಲೇ ಬೀಳಿಸು ಎಂದು ಗಂಗಣ್ಣನಿಗೆ ಹೇಳುತ್ತಿದ್ದ. ತಪ್ಪಿದ ಚೆಂಡು ಚರಂಡಿಗೆ ಹೋದರೆ ತೆಗೆದುಕೊಂಡು ಬರುವ ಕೆಲಸ ನನ್ನದು. ನಾನೂ ನಾಲ್ಕು ಹಾಕುತ್ತೇನೆ ಎಂದರೆ, ಕತ್ತಲಾಯಿತು, ನಾಳೆ ನೋಡೋಣ ಎನ್ನುತ್ತಿದ್ದ. ಆ ನಾಳೆ ವಾರಕ್ಕೊಮ್ಮೆ ಬರುತ್ತಿತ್ತು.

ಮನೆಯ ಊಟದಲ್ಲೂ ಹಾಗೆಯೇ. ಭಾನುವಾರ ಬೇಯಿಸಿದ ಮೊಟ್ಟೆಯಲ್ಲಿ ಗಂಗಣ್ಣನಿಗೆ ಇಡಿಯದು, ನನಗೆ ಅರ್ಧ, ತಂಗಿಗೆ ಅರ್ಧ. ಓಡುವ ಹುಡುಗ, ಬೆಳೆಯುವ ಮೈ ಎಂದು ಅಮ್ಮ ಹೇಳುತ್ತಿದ್ದಳು. ತಂದೆಯಿಲ್ಲದ ಮಗನಿಗೆ ಕಡಿಮೆ ಮಾಡಿದರೆ ಅಕ್ಕ ಏನಂದುಕೊಂಡಾಳು ಎಂಬ ಭಯವೂ ಅವಳಿಗಿತ್ತು. ಗಂಗಣ್ಣ ಒಮ್ಮೊಮ್ಮೆ ಹಳದಿಯನ್ನು ಸದ್ದಿಲ್ಲದೆ ನನ್ನ ತಟ್ಟೆಗೆ ದಾಟಿಸುತ್ತಿದ್ದ. ನಾನು ತಿನ್ನುತ್ತಿದ್ದೆ, ಅವನ ಮೇಲಿನ ಸಿಟ್ಟು ಹಾಗೇ ಇರುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕೊರೆದದ್ದು ಶೂ. ಇಬ್ಬರಿಗೂ ಸೇರಿ ಒಂದೇ ಜೊತೆ ಕ್ಯಾನ್ವಾಸ್ ಶೂ ಕೊಂಡರು, ಅದೂ ಅವನ ಅಳತೆಯದು. ಶನಿವಾರ ಸಂಜೆ ಅದಕ್ಕೆ ಬಿಳಿ ಬಳಿದು ಕಿಟಕಿಯಲ್ಲಿ ಒಣಗಿಸುವುದು ನನ್ನ ಕೆಲಸ. ನಾನು ಹಾಕಿಕೊಳ್ಳಬೇಕಾದ ದಿನ ಮುಂದೆ ಪೇಪರು ತುರುಕಿಕೊಳ್ಳಬೇಕಿತ್ತು. ಓಡುವಾಗ ಕಾಲು ಒಂದು ಕಡೆ, ಶೂ ಒಂದು ಕಡೆ.

ಆ ವರ್ಷ ಹದಿನಾರರ ಒಳಗಿನವರ ಅಂತರಶಾಲಾ ಟೂರ್ನಿಗೆ ನಮ್ಮ ಶಾಲೆಯಿಂದ ಹದಿನಾಲ್ಕು ಹುಡುಗರ ಪಟ್ಟಿ ತಯಾರಾಯಿತು. ಗಂಗಣ್ಣನ ಹೆಸರು ಮೊದಲಿನದು. ನನ್ನದು ಹದಿನೈದನೆಯದು, ಯಾರಾದರೂ ಬಿದ್ದುಹೋದರೆ ಮಾತ್ರ ನನಗೆ ಜಾಗ. ಗಂಗಣ್ಣನಿಗೆ ಶಾಲೆಯ ರಿಜಿಸ್ಟರಿನಲ್ಲಿ ಹದಿನೈದು, ನಿಜದಲ್ಲಿ ಹದಿನೇಳು. ಈ ಟೂರ್ನಿ ಬರಿಯ ಆಟವಾಗಿರಲಿಲ್ಲ. ನಗರದ ದೊಡ್ಡ ಕಾರ್ಖಾನೆಗಳು ಆಗ ಕ್ರಿಕೆಟ್ ತಂಡಗಳನ್ನು ಸಾಕುತ್ತಿದ್ದವು. ಚೆನ್ನಾಗಿ ಆಡಿದ ಹುಡುಗರನ್ನು ಎಸ್ಸೆಸ್ಸೆಲ್ಸಿ ಆದ ಕೂಡಲೇ ಅಪ್ರೆಂಟಿಸ್ ಎಂದು ಒಳಗೆ ತೆಗೆದುಕೊಳ್ಳುತ್ತಿದ್ದವು. ಅಂಥ ಒಂದು ಕಡೆಯ ಫೋರ್‌ಮನ್ ಒಬ್ಬರು ಗಂಗಣ್ಣನನ್ನು ನೋಡಲು ಟೂರ್ನಿಗೆ ಬರುವುದಾಗಿ ಅಪ್ಪನಿಗೆ ಹೇಳಿದ್ದರು. ಅಪ್ಪ ಆ ಸುದ್ದಿಯನ್ನು ಊಟದ ಹೊತ್ತಿನಲ್ಲಿ ಹೇಳಿದ. ಗಂಗನಿಗೆ ಕೆಲಸವಾದರೆ ಅವನ ತಾಯಿಯನ್ನು ಊರಿನಿಂದ ಕರೆಸಿಕೊಳ್ಳಬಹುದು ಎಂದ. ಅಮ್ಮ ಕಣ್ಣೊರೆಸಿಕೊಂಡಳು. ನಾನು, ನನಗೆ ಜಾಗ ಸಿಕ್ಕಿದರೆ ಶೂ ಯಾರು ಹಾಕಿಕೊಳ್ಳುವುದು ಎಂದು ಕೇಳಿದೆ. ಅಪ್ಪ ಮುದ್ದೆ ಮುರಿಯುತ್ತಲೇ ಹೇಳಿದ:

"ಗಂಗ ಆಡ್ಲಿ. ನೀನು ಓದ್ಕೋ. ಮನೇಲಿ ಒಬ್ಬ ಆಡಿದ್ರೆ ಸಾಕು ಕಣೋ."

ಮಾರನೆಯ ದಿನ ಪೋಸ್ಟಾಫೀಸಿಗೆ ಹೋಗಿ ಒಂದು ಕಾರ್ಡು ಕೊಂಡೆ. ಕೈಬರಹ ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆದೆ. ಮೂಕರ್ಜಿಗಳು ಹೇಗಿರುತ್ತವೆಂದು ನನಗೆ ಗೊತ್ತಿತ್ತು. ಅಪ್ಪನ ಕಾರ್ಖಾನೆಯಲ್ಲಿ ಯಾರ ಮೇಲೆ ಯಾರು ಹೆಸರಿಲ್ಲದ ಅರ್ಜಿ ಹಾಕಿದರು ಎಂಬುದು ನಮ್ಮ ಸಾಲುಮನೆಗಳ ನಿತ್ಯದ ಮಾತು. ಡ್ರಿಲ್ ಮೇಷ್ಟ್ರ ಹೆಸರಿಗೆ, ಶಾಲೆಯ ವಿಳಾಸಕ್ಕೆ, ಇಷ್ಟೇ ಬರೆದೆ: ನಿಮ್ಮ ತಂಡದ ಗಂಗಾಧರನ ವಯಸ್ಸು ಸುಳ್ಳು, ಅವನು ಇರುವ ಮನೆಯ ಗೋಡೆಯ ಮೇಲೆ ಮದುವೆಯ ಫೋಟೋ ಇದೆ, ಅದರಲ್ಲಿ ಸೀರೆ ಹಿಡಿದು ನಿಂತ ಮಗು ಅವನೇ, ಕೆಳಗಿನ ತಾರೀಖು ನೋಡಿ, ರಿಜಿಸ್ಟರಿನ ಪ್ರಕಾರ ಅವನು ಆಗ ಹುಟ್ಟಿಯೇ ಇರಲಿಲ್ಲ. ಕೆಳಗೆ 'ಒಬ್ಬ ಹಿತೈಷಿ' ಎಂದು ಹಾಕಿದೆ. ಡಬ್ಬಿಯ ಬಾಯಿಗೆ ಕಾರ್ಡು ಇಟ್ಟು ಬಿಡುವಾಗ ಕೈ ನಡುಗಲಿಲ್ಲ. ನಡುಗಿತ್ತು ಎಂದು ಬರೆಯಬೇಕೆಂದು ಈಗ ಆಸೆಯಾಗುತ್ತಿದೆ.

ಕಾರ್ಡು ಯಾರು ಬೇಕಾದರೂ ಓದಬಹುದಾದ ತೆರೆದ ಪತ್ರ ಎಂಬುದನ್ನು ನಾನು ಯೋಚಿಸಿರಲಿಲ್ಲ. ಡ್ರಿಲ್ ಮೇಷ್ಟ್ರ ಕೈಗೆ ಹೋಗುವ ಮೊದಲು ಅದನ್ನು ಜವಾನ ಓದಿದ, ಗುಮಾಸ್ತ ಓದಿದ, ಹೆಡ್‌ಮೇಷ್ಟ್ರು ಓದಿದರು. ಡ್ರಿಲ್ ಮೇಷ್ಟ್ರಿಗೆ ಗಂಗಣ್ಣನ ಮೇಲೆ ಪ್ರೀತಿ. ಆದರೆ ಎಲ್ಲರೂ ಓದಿದ್ದರಿಂದ, ಹರಿದು ಹಾಕಬಹುದಾಗಿದ್ದ ಕಾಗದ ಹರಿಯಲಾಗದ ಕಾಗದವಾಯಿತು. ಅಪ್ಪನನ್ನು ಶಾಲೆಗೆ ಕರೆಸಿ ಕಾರ್ಡನ್ನು ಓದಿ ಹೇಳಿ, ಭಾನುವಾರ ಬೆಳಿಗ್ಗೆ ಮನೆಗೆ ಬಂದು ನೋಡಿ ವರದಿ ಬರೆಯುತ್ತೇನೆ ಎಂದರಂತೆ. ಅಪ್ಪ ಆ ಸಂಜೆ ಬೀದಿಗೆ ಇಳಿಯಲಿಲ್ಲ. ಚಾಪೆಯ ಮೇಲೆ ಕುಳಿತು ಕಾರ್ಡಿನ ಮಾತುಗಳನ್ನು ಒಂದೊಂದಾಗಿ ಅಮ್ಮನಿಗೆ ಹೇಳಿದ. ನಾನು ಪುಸ್ತಕ ತೆರೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದೆ. ಅಮ್ಮ ಕೇಳಿದಳು:

"ಆ ಮಗು ಗಂಗಾನೇ ಅಂತ ಯಾರಿಗ್ರೀ ಗೊತ್ತು? ಬೋಳುತಲೆ, ಗುರುತೇ ಸಿಗಲ್ಲ."

"ಅದೇ ನಾನೂ ಕೇಳ್ತಿರೋದು. ನೀನು ಯಾರಿಗಾದ್ರೂ ಹೇಳಿದ್ಯಾ?"

ಅಮ್ಮನ ಕಣ್ಣು ಹಿತ್ತಲಿನ ಬಾಗಿಲ ಕಡೆ ಹೋಯಿತು. ಹೇಳಿದ್ದಳು. ಅವರೆಕಾಯಿಯ ಕಾಲದಲ್ಲಿ ಅವಳೂ ಸರೋಜಮ್ಮನೂ ಹಿತ್ತಲಿನ ಗೋಡೆಯ ಎರಡು ಕಡೆ ನಿಂತು, ನೆನೆಸಿದ ಕಾಳನ್ನು ಹಿತುಕುತ್ತಾ ಮಾತಾಡುತ್ತಿದ್ದರು. ಸರೋಜಮ್ಮ ಅಮ್ಮನಿಗಿಂತ ಆರೇಳು ವರ್ಷ ಚಿಕ್ಕವಳು, ಮಂಡ್ಯದ ಕಡೆಯಿಂದ ಮದುವೆಯಾಗಿ ಬಂದವಳು. ಅಮ್ಮನನ್ನು ಅಕ್ಕ ಎನ್ನುತ್ತಿದ್ದಳು. ಆ ಗೋಡೆಯ ಮೇಲೆ ದಿನಕ್ಕೊಂದು ಬಟ್ಟಲು ಆಚೆಯಿಂದ ಈಚೆಗೆ ಬರುತ್ತಿತ್ತು, ಈಚೆಯಿಂದ ಆಚೆಗೆ ಹೋಗುತ್ತಿತ್ತು. ಬಂದ ಪಾತ್ರೆಯನ್ನು ಬರಿದು ಮಾಡಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಮನೆಯಲ್ಲಿ ಏನೂ ಇಲ್ಲದ ದಿನ ಅಮ್ಮ ಒಂದು ಚಿಟಿಕೆ ಸಕ್ಕರೆಯನ್ನೋ ಎರಡು ಕಾಕಡ ಹೂವನ್ನೋ ಹಾಕಿ ಕೊಡುತ್ತಿದ್ದಳು. ಹೀಗೆ ಕಾಳು ಹಿತುಕುವಾಗ ಒಮ್ಮೆ, ಫೋಟೋದಲ್ಲಿ ಬಾಳೆಹಣ್ಣು ಹಿಡಿದ ಮಗು ನಮ್ಮ ಗಂಗಾನೇ ಎಂದು ಅಮ್ಮ ಹೇಳಿ ಇಬ್ಬರೂ ನಕ್ಕಿದ್ದರು. ಸರೋಜಮ್ಮನ ತಮ್ಮನೂ ಅವರ ಮನೆಯಲ್ಲಿದ್ದುಕೊಂಡು ನಮ್ಮ ಶಾಲೆಯಲ್ಲೇ ಓದುತ್ತಿದ್ದ, ಅವನೂ ತಂಡಕ್ಕೆ ಹೆಸರು ಕೊಟ್ಟು ಸಿಗದೆ ಹೋದವನು. ಅಮ್ಮ ಇದನ್ನೆಲ್ಲ ಒಂದಕ್ಕೊಂದು ಹೊಂದಿಸಿದಳು. ನಾನು ಪುಸ್ತಕದ ಅದೇ ಸಾಲನ್ನು ಓದುತ್ತಾ ಕುಳಿತೆ. ಬಾಯಿ ತೆರೆಯಲು ಅದೊಂದು ಸಮಯವಿತ್ತು.

ಶನಿವಾರ ಅಮ್ಮ ಫೋಟೋ ಇಳಿಸಿ, ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದಳು. ಕ್ಯಾಲೆಂಡರನ್ನು ಎರಡನೇ ಮೊಳೆಯಿಂದ ತೆಗೆದು ಮೂರನೆಯದಕ್ಕೆ ತೂಗಿದಳು. ಅಪ್ಪ ಬೇಡ ಎನ್ನಲಿಲ್ಲ, ಬೇಕು ಎನ್ನಲಿಲ್ಲ. ಎಂದೂ ಸುಳ್ಳು ಹೇಳದ ಮನುಷ್ಯನೇನೂ ಅಲ್ಲ ಅವನು. ಆದರೆ ಹೇಳಬೇಕಾದ ಸುಳ್ಳನ್ನು ಹಿಂದಿನ ದಿನವೇ ತಯಾರು ಮಾಡಿಕೊಂಡು ಕಾಯುವುದು ಅವನಿಗೆ ಹೊಸದು. ಇಡೀ ದಿನ ಚಪ್ಪಲಿ ಹುಡುಕುತ್ತಾ ಓಡಾಡಿದ. ಅದು ಅವನ ಕಾಲಲ್ಲೇ ಇತ್ತು. ಕ್ಯಾಲೆಂಡರು ಫೋಟೋಗಿಂತ ಸಣ್ಣದಾಗಿತ್ತು. ಅದರ ನಾಲ್ಕೂ ಸುತ್ತ, ಹೊಗೆ ಹತ್ತದ ಬಿಳಿಯ ಸುಣ್ಣ ಚೌಕಟ್ಟು ಹಾಕಿದಂತೆ ಎದ್ದು ಕಾಣುತ್ತಿತ್ತು. ಅಮ್ಮ ಒಲೆಯ ಮಸಿಯನ್ನು ಬಟ್ಟೆಯಲ್ಲಿ ತಂದು ಒರೆಸಿ ನೋಡಿದಳು. ಇನ್ನೂ ಅಸಹ್ಯವಾಯಿತು.

ಭಾನುವಾರ ಬೆಳಿಗ್ಗೆ ಡ್ರಿಲ್ ಮೇಷ್ಟ್ರು ಸೈಕಲ್ಲಿನಲ್ಲಿ ಬಂದರು. ನಮ್ಮ ಮನೆಯ ಒಂದೇ ಕುರ್ಚಿಯನ್ನು ಅಪ್ಪ ಒರೆಸಿ ಹಾಕಿದ. ಗಂಗಣ್ಣ ಹೊರಗೆ ಮೆಟ್ಟಿಲ ಮೇಲೆ ಕುಳಿತು ಶೂಗೆ ಬಿಳಿ ಬಳಿಯುತ್ತಿದ್ದ. ನನ್ನ ಕೆಲಸವನ್ನು ಆ ದಿನ ಅವನೇ ಎತ್ತಿಕೊಂಡಿದ್ದ, ಕೈಗೆ ಏನಾದರೂ ಬೇಕಿತ್ತೇನೋ. ಅಮ್ಮ ಕಾಫಿ ಕೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಮೇಷ್ಟ್ರು ಒಳ್ಳೆಯವರು. ಬಂದವರೇ ತಮ್ಮ ಮನಸ್ಸನ್ನು ಬಿಚ್ಚಿ ಹೇಳಿದರು.

"ನೋಡಿ ಯಜಮಾನ್ರೇ, ಈ ಹುಡುಗ ಇಲ್ದೆ ನನ್ನ ಟೀಮೇ ಇಲ್ಲ. ಆದ್ರೆ ಕಾರ್ಡನ್ನ ಆಫೀಸಲ್ಲಿ ಎಲ್ರೂ ಓದ್ಬಿಟ್ಟಿದಾರೆ. ನಾನು ಹೋಗಿ ನೋಡ್ದೆ, ಅಂಥ ಫೋಟೋ ಇಲ್ಲ ಅಂತ ಎರಡು ಸಾಲು ಬರ್ದು ಕೊಟ್ರೆ ಮುಗೀತು."

ಹಾಗೆ ಹೇಳುತ್ತಾ ತಲೆ ಎತ್ತಿದರು. ಕ್ಯಾಲೆಂಡರಿನ ಸುತ್ತಲಿನ ಬಿಳಿಯ ಮೇಲೆ ಅವರ ಕಣ್ಣು ನಿಂತಿತು, ಅಲ್ಲಿಂದ ಖಾಲಿ ಇದ್ದ ಎರಡನೇ ಮೊಳೆಗೆ ಹೋಯಿತು. ಇಲ್ಲಿ ದೊಡ್ಡದೇನೋ ಇತ್ತಲ್ಲವೇ ಎಂದು ಕೇಳಿದರು. ದೇವರ ಪಟ ಇತ್ತು, ಗಾಜು ಒಡೆಯಿತು, ತೆಗೆದೆವು ಎಂದು ಅಪ್ಪ ಹೇಳಿದ. ಮೇಷ್ಟ್ರಿಗೆ ಅಷ್ಟೇ ಬೇಕಾಗಿತ್ತು. ಕಾಫಿಯ ಲೋಟ ಕೈಗೆ ತೆಗೆದುಕೊಂಡು, ಮಾತು ಮುಗಿಸುವವರ ಹಾಗೆ ನಗುತ್ತಾ ನನ್ನ ಕಡೆ ತಿರುಗಿದರು.

"ಏನಪ್ಪಾ ಚಂದ್ರು, ದೇವರ ಪಟ ತಾನೆ?"

ನಾನು ಹೂಂ ಎನ್ನಬೇಕಿತ್ತು. ತಲೆ ಆಡಿಸಿದ್ದರೂ ಸಾಕಿತ್ತು. ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಹೊರಗೆ ಬ್ರಷ್ಷಿನ ಸದ್ದು ನಿಂತಿತ್ತು. ಕಾರ್ಡು ಬರೆದ ತಪ್ಪನ್ನು ಅಳಿಸಲು ನನಗೆ ಒಂದು ಗಳಿಗೆ ಸಿಕ್ಕಿತ್ತು, ಒಂದೇ ಒಂದು ಸುಳ್ಳಿನ ಖರ್ಚಿನಲ್ಲಿ. ಹದಿನೈದನೆಯ ಹೆಸರು ಹದಿನಾಲ್ಕನೆಯದಾಗುವುದು ಮಾತ್ರ ನನ್ನ ತಲೆಯಲ್ಲಿತ್ತು.

"ಅಲ್ಲ ಸಾರ್. ಅಪ್ಪ ಅಮ್ಮನ ಮದುವೆ ಫೋಟೋ. ಟ್ರಂಕಲ್ಲಿದೆ."

ಅಪ್ಪ ತಾನೇ ಎದ್ದು, ಟ್ರಂಕಿನ ಮುಚ್ಚಳ ತೆಗೆದು, ಸೀರೆಯ ಸುತ್ತು ಬಿಡಿಸಿ ಫೋಟೋ ತಂದು ಮೇಷ್ಟ್ರ ತೊಡೆಯ ಮೇಲೆ ಇಟ್ಟ. ಮೇಷ್ಟ್ರು ತಾರೀಖು ಓದಿದರು. ಮಗುವನ್ನು ನೋಡಿದರು. ಬೆರಳು ಮಡಿಸಿ ಲೆಕ್ಕ ಹಾಕಿ, ಮತ್ತೊಮ್ಮೆ ಹಾಕಿದರು. ಕಾಫಿ ಹಾಗೇ ಉಳಿದು ಕೆನೆ ಕಟ್ಟಿತು. ಹೊರಡುವಾಗ ಅವರು ಗಂಗಣ್ಣನ ಮುಖ ನೋಡಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, ಸುಳ್ಳು ಹೇಳಲಿಲ್ಲವಲ್ಲ ನೀನು, ಅಷ್ಟು ಸಾಕು ಎಂದರು. ಸತ್ಯವಂತನೆಂಬ ಹೆಸರು ನನಗೆ ಬಂದದ್ದು ಅಲ್ಲಿಂದ. ಆ ಹೆಸರಿನಿಂದಲೇ ಮುಂದೆ ನನಗೆ ಅವರು ಸರ್ಟಿಫಿಕೇಟ್ ಕೋರ್ಸಿಗೆ ಶಿಫಾರಸು ಬರೆದುಕೊಟ್ಟರು, ಆ ಶಿಫಾರಸಿನಿಂದಲೇ ಕೆಲಸ ಸಿಕ್ಕಿತು.

ಮೇಷ್ಟ್ರು ಹೋದ ಮೇಲೆ ನಾನು ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಹಿಂದೆ ಕುಳಿತು ಅತ್ತೆ. ಯಾಕೆ ಅತ್ತೆನೋ ಈಗಲೂ ಸರಿಯಾಗಿ ಹೇಳಲಾರೆ. ಪಶ್ಚಾತ್ತಾಪ ಎಂದರೆ ಅದು ಹೆಚ್ಚಿನ ಮಾತಾದೀತು. ಅಮ್ಮ ಹೊಡೆಯುತ್ತಾಳೆಂಬ ಭಯ ಇದ್ದಿರಬೇಕು. ಬಂದದ್ದು ಗಂಗಣ್ಣ. ಕೈಗೆ ಬಿಳಿ ಹತ್ತಿತ್ತು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಹೇಳಿದ:

"ಅಳ್ಬೇಡ ಕಣೋ. ಮೇಷ್ಟ್ರು ಮುಖ ನೋಡಿ ಕೇಳಿದ್ರೆ ಯಾರ ಬಾಯಲ್ಲಿ ತಾನೆ ಸುಳ್ಳು ಬರುತ್ತೆ. ನಿಂದೇನು ತಪ್ಪು? ಕಾರ್ಡು ಬರ್ದೋರು ಪಾಪಿಗಳು."

ಅದೇ ಹೊತ್ತಿಗೆ ಗೋಡೆಯ ಆಚೆಯಿಂದ ಬಳೆ ಸದ್ದಾಯಿತು. ಸರೋಜಮ್ಮ ಹಿತಕಿದ ಬೇಳೆ ಸಾರಿನ ಹಿತ್ತಾಳೆ ಬಟ್ಟಲನ್ನು ಗೋಡೆಯ ಮೇಲಿಟ್ಟು, ಅಕ್ಕಾ, ಬಿಸಿ ಇದೆ ತಗೊಳಿ ಎಂದು ಕೂಗಿ ಒಳಗೆ ಹೋದಳು. ಅಮ್ಮ ಬಂದು ಬಟ್ಟಲನ್ನು ಎತ್ತಿಕೊಂಡಳು. ಸಾರನ್ನು ಬಚ್ಚಲಿಗೆ ಸುರಿದಳು. ಬೂದಿ ಹಾಕಿ ಬಟ್ಟಲನ್ನು ಫಳಫಳ ಹೊಳೆಯುವ ಹಾಗೆ ತಿಕ್ಕಿ, ಬರಿದಾಗಿಯೇ, ಗೋಡೆಯ ಮೇಲೆ ಬೋರಲು ಹಾಕಿದಳು. ಮಧ್ಯಾಹ್ನದವರೆಗೆ ಬಟ್ಟಲು ಬಿಸಿಲಲ್ಲಿ ಹಾಗೇ ಇತ್ತು. ಆಮೇಲೆ ನೋಡಿದಾಗ ಇರಲಿಲ್ಲ. ಆ ಗೋಡೆಯ ಮೇಲೆ ಮತ್ತೆ ಯಾವ ಪಾತ್ರೆಯೂ ಕೂರಲಿಲ್ಲ.

ರಿಜಿಸ್ಟರು ತಿದ್ದಬೇಕಾಗುತ್ತದೆ, ಮೇಲಿನವರಿಗೆ ಬರೆಯಬೇಕಾಗುತ್ತದೆ ಎಂದು ಹೆಡ್‌ಮೇಷ್ಟ್ರು ಹೆದರಿಸಿದರು. ಆ ತಾರೀಖು ಹಾಕಿದ ಹಳೆಯ ಹೆಡ್‌ಮೇಷ್ಟ್ರು ಆಗಲೇ ನಿವೃತ್ತರಾಗಿದ್ದರು. ಅಪ್ಪನ ಮೇಲೆ ಏನಾದರೂ ಬಂದೀತು ಎಂದು ಗಂಗಣ್ಣ ಪರೀಕ್ಷೆಗೆ ಮೊದಲೇ ಶಾಲೆ ಬಿಟ್ಟ. ಫೋರ್‌ಮನ್ ಟೂರ್ನಿಗೆ ಬಂದರಂತೆ, ನೋಡಬೇಕಾದ ಹುಡುಗ ಇಲ್ಲವೆಂದು ತಿಳಿದು ಚಹಾ ಕುಡಿದು ಹೋದರಂತೆ. ಗಂಗಣ್ಣ ಕಾಮಾಕ್ಷಿಪಾಳ್ಯದ ಒಂದು ಸಣ್ಣ ವರ್ಕ್‌ಶಾಪಿಗೆ ಸೇರಿಕೊಂಡು, ಅಲ್ಲೇ ಮಲಗಲು ಜಾಗವಿದೆ ಎಂದು ನಮ್ಮ ಮನೆ ಬಿಟ್ಟುಹೋದ. ಅವನು ಹೋದ ಬೆಳಿಗ್ಗೆ ಶೂ ಕಿಟಕಿಯಲ್ಲಿತ್ತು. ಹೊಸದಾಗಿ ಬಿಳಿ ಬಳಿದಿತ್ತು. ಕೈಗೆ ತೆಗೆದುಕೊಂಡು ನೋಡಿದೆ. ಎರಡರ ಮುಂಭಾಗಕ್ಕೂ ಪೇಪರನ್ನು ಮಡಿಸಿ, ನನ್ನ ಕಾಲಿಗೆ ಎಷ್ಟು ಬೇಕೋ ಅಷ್ಟು, ತುರುಕಿ ಇಟ್ಟಿದ್ದ.

ನಾನು ಆ ಶೂ ಹಾಕಿಕೊಂಡು ಟೂರ್ನಿ ಆಡಿದೆ. ಎರಡು ವಿಕೆಟ್ ತೆಗೆದೆ. ಮನೆಗೆ ಬಂದು ಹೇಳಿದಾಗ ಅಪ್ಪ, ಕೈಕಾಲು ತೊಳೆದುಕೋ ಎಂದ. ಅವನು ಮತ್ತೆ ಬೀದಿಯಲ್ಲಿ ಗೆರೆ ಎಳೆಯಲಿಲ್ಲ. ನಾನು ಲೀಗ್ ಆಡಿದ ಅಷ್ಟು ವರ್ಷಗಳಲ್ಲಿ ಒಂದು ದಿನವೂ ನನ್ನ ಆಟ ನೋಡಲು ಬರಲಿಲ್ಲ. ಬೈಯಲಿಲ್ಲ, ಹೊಡೆಯಲಿಲ್ಲ, ಮಾತು ಬಿಡಲಿಲ್ಲ. ಕಾರ್ಡಿನ ಬಗ್ಗೆ ಅವನಿಗೆ ಅನುಮಾನವಿತ್ತೋ, ಅಥವಾ ಮೇಷ್ಟ್ರ ಮುಂದೆ ಮಗ ತನ್ನನ್ನು ಸುಳ್ಳುಗಾರನನ್ನಾಗಿ ಮಾಡಿದ ಎಂಬ ನೋವೇ ಸಾಕಾಗಿತ್ತೋ, ನನಗೆ ತಿಳಿಯಲಿಲ್ಲ. ಕೇಳಲು ಧೈರ್ಯವಿರಲಿಲ್ಲ. ಫೋಟೋ ಮತ್ತೆ ಮೂರನೇ ಮೊಳೆಗೆ ಬಂತು. ಅದರ ಕೆಳಗೆ ಕುಳಿತು ಊಟ ಮಾಡುವಾಗ ನಾನು ಆ ಗೋಡೆಗೆ ಬೆನ್ನು ಹಾಕುವ ಅಭ್ಯಾಸ ಮಾಡಿಕೊಂಡೆ. ಈಗ ಭಾನುವಾರ ಇಡೀ ಮೊಟ್ಟೆ ನನಗೇ ಬರುತ್ತಿತ್ತು.

ಮುಂದೆ ಕಾರ್ಯದರ್ಶಿಯಾಗಿ ಕುಳಿತ ಮೇಜಿನ ಮುಂದೆ ಎಷ್ಟು ಹುಡುಗರು ಬಂದು ನಿಂತರು. ಹೆಚ್ಚಿನವರ ತಪ್ಪು ತಾರೀಖುಗಳು ಅವರದಾಗಿರಲಿಲ್ಲ. ಯಾವನೋ ಮೇಷ್ಟ್ರು, ಯಾವುದೋ ಹಳ್ಳಿಯಲ್ಲಿ, ಒಳ್ಳೆಯದಾಗಲಿ ಎಂದು ಬರೆದದ್ದು. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಒಬ್ಬನನ್ನೂ ಬಿಡಲಿಲ್ಲ. ಒಬ್ಬನನ್ನು ಬಿಟ್ಟರೆ ಗಂಗಣ್ಣನನ್ನು ಯಾಕೆ ಬಿಡಲಿಲ್ಲ ಎಂದು ನನ್ನೊಳಗೆ ಯಾರೋ ಕೇಳುತ್ತಿದ್ದರು. ನಿಯಮ ದೊಡ್ಡದು ಎಂದು ಸಾಧಿಸಿದಷ್ಟೂ ನನ್ನ ಕಾರ್ಡು ಸಣ್ಣದಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಅಮ್ಮ ಹಾಸಿಗೆ ಹಿಡಿದ ಕಾಲಕ್ಕೆ ಸರೋಜಮ್ಮನವರು ಮನೆ ಬದಲಾಯಿಸಿ ವಿಜಯನಗರಕ್ಕೆ ಹೋಗಿದ್ದರು. ಸುದ್ದಿ ತಿಳಿದು ಕಿತ್ತಳೆ ಹಣ್ಣು ಹಿಡಿದುಕೊಂಡು ನೋಡಲು ಬಂದರು. ಅಕ್ಕಾ ಎಂದು ಬಾಗಿಲಲ್ಲೇ ನಿಂತರು. ಅಮ್ಮ ಕಣ್ಣು ತೆರೆದು ನೋಡಿ, ಗೋಡೆಯ ಕಡೆ ಹೊರಳಿ ಮಲಗಿದಳು. ನಾನು ಹಾಸಿಗೆಯ ಪಕ್ಕದಲ್ಲೇ ಇದ್ದೆ. ನಾನು ನಾಲ್ಕು ಮಾತು ಆಡಿದ್ದರೆ ಇಬ್ಬರಿಗೂ ನಿಜ ತಿಳಿಯುತ್ತಿತ್ತು. ನಾನು ಎದ್ದು, ಅಮ್ಮನಿಗೆ ನಿದ್ದೆ ಬಂದಿದೆ ಎಂದು ಹೇಳಿ ಸರೋಜಮ್ಮನವರನ್ನು ಗೇಟಿನವರೆಗೆ ಬಿಟ್ಟು ಬಂದೆ.

ಹೋದ ವರ್ಷ ಸಂಘದವರು ನನಗೆ ಶಾಲು ಹೊದಿಸಿದರು. ತಪ್ಪು ತಾರೀಖು ಕಣ್ಣಿಗೆ ಬಿದ್ದರೆ ಸ್ವಂತ ಅಣ್ಣನನ್ನೂ ಬಿಡದ ಮನುಷ್ಯ ಎಂದು ಭಾಷಣಕಾರರು ಹೊಗಳಿದರು. ಮಾತಿನ ಚಂದಕ್ಕೆ ಹೇಳಿದ್ದು, ಅವರಿಗೇನೂ ಗೊತ್ತಿರಲಿಲ್ಲ. ಗಂಗಣ್ಣ ಹಿಂದಿನ ಸಾಲಿನಲ್ಲಿ ಕುಳಿತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದ. ಆ ಚಪ್ಪಾಳೆಯನ್ನು ನಾನು ಒಂದು ವಾರ ತಡೆದುಕೊಂಡೆ. ಆಮೇಲೆ ಕಾಮಾಕ್ಷಿಪಾಳ್ಯದ ಅವನ ಮನೆಗೆ ಹೋದೆ. ಕೆಳಗೆ ಮಗನ ವರ್ಕ್‌ಶಾಪು, ಮೇಲೆ ಅವರ ಸಂಸಾರ. ಮಂಚದ ಮೇಲೆ ಎದುರುಬದುರು ಕುಳಿತು, ಕಾರ್ಡು ಬರೆದದ್ದು ನಾನು ಎಂದು ಹೇಳಿದೆ. ಅವನು ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ಆಮೇಲೆ ಕೇಳಿದ:

"ಯಾವ ಕೈಲಿ ಬರ್ದೆ?"

"ಎಡಗೈಲಿ."

"ಬಲಗೈಲಿ ಬಾಲು ಹಾಕಿದ್ರೇ ನೆಟ್ಟಗೆ ಬೀಳ್ತಿರ್ಲಿಲ್ಲ ನಿಂದು. ಎಡಗೈಲಿ ಇಟ್ಟೆ ನೋಡು, ನೇರ ಸ್ಟಂಪಿಗೇ."

ನಕ್ಕ. ನಾನೂ ನಗಬೇಕೇ ಎಂದು ತಿಳಿಯದೆ ಕುಳಿತಿದ್ದೆ. ಅವನ ನಗು ಅರ್ಧಕ್ಕೇ ನಿಂತಿತು. ಏನೋ ನೆನಪಾದವನಂತೆ ತಲೆ ಎತ್ತಿದ.

"ಹಂಗಾದ್ರೆ ಸರೋಜಮ್ಮ?"

ಅವರಲ್ಲ ಎಂದು ತಲೆ ಆಡಿಸಿದೆ.

"ಅವ್ರ ಯಜಮಾನ್ರು ತೀರ್ಕೊಂಡಾಗ ನಾನು ಮಣ್ಣಿಗೂ ಹೋಗ್ಲಿಲ್ಲ ಕಣೋ ಚಂದ್ರು. ಚಿಕ್ಕಮ್ಮನ ಮುಖ ನೋಡ್ಕೊಂಡು ಹೋಗ್ಲಿಲ್ಲ. ನಂದು ಬಿಡು, ನಾನು ಹೆಂಗೋ ಬದುಕ್ದೆ. ನನ್ನ ಹತ್ರ ಹೇಳಿ ಹಗುರ ಆಗೋಕೆ ಬಂದಿದೀಯ ನೀನು. ಹೋಗು, ಆಯಮ್ಮನ ಹತ್ರ ಹೇಳು."

ಜೊತೆಗೆ ಬರುತ್ತೀಯಾ ಎಂದು ಕೇಳಿದೆ. ಇಲ್ಲ, ಒಬ್ಬನೇ ಹೋಗು ಎಂದ. ಮೆಟ್ಟಿಲಿಳಿಯುವಾಗ ಅವನು ಬಾಗಿಲವರೆಗೆ ಬರಲಿಲ್ಲ. ಎಷ್ಟೋ ವರ್ಷಗಳಲ್ಲಿ ಅದೇ ಮೊದಲು.

ಸರೋಜಮ್ಮನವರು ವಿಜಯನಗರದಲ್ಲಿ ಮಗಳ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ, ಕಣ್ಣು ಮಂಜು, ಕಿವಿ ಚೆನ್ನಾಗಿದೆ. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಮಾರುಕಟ್ಟೆಯ ಗಲಾಟೆ ಕೇಳುತ್ತಾ ಕುಳಿತಿದ್ದರು. ಯಾರು ಎಂದು ಹೇಳಿದ ಕೂಡಲೇ, ಅಕ್ಕನ ಮಗ ಚಂದ್ರು ಎಂದು ನನ್ನ ಕೈ ಹಿಡಿದುಕೊಂಡರು. ಕೈ ಬಿಡಿಸಿಕೊಳ್ಳದೆಯೇ ಎಲ್ಲವನ್ನೂ ಹೇಳಿದೆ. ಕಾರ್ಡು, ಫೋಟೋ, ಟ್ರಂಕು, ಅಮ್ಮ ಅವರ ಮೇಲೆ ಅನುಮಾನಪಟ್ಟದ್ದು, ನಾನು ಬಾಯಿ ಮುಚ್ಚಿಕೊಂಡದ್ದು. ಅವರ ಹಿಡಿತ ಬಿಗಿಯಾಗಲಿಲ್ಲ, ಸಡಿಲವೂ ಆಗಲಿಲ್ಲ. ಯಾವ ಕಾರ್ಡು, ಯಾವ ಟೂರ್ನಿ ಎಂದು ಎರಡು ಸಲ ಕೇಳಿದರು. ಆಗ ನನಗೆ ಅರ್ಥವಾಯಿತು: ತಮ್ಮ ಮೇಲೆ ಇಂಥದೊಂದು ಆರೋಪವಿತ್ತು ಎಂಬುದೇ ಅವರಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ. ಅಮ್ಮ ಹೇಳಿರಲಿಲ್ಲ. ಬಟ್ಟಲನ್ನು ಬೋರಲು ಹಾಕಿದ್ದಳು, ಅಷ್ಟೇ.

ಅವರು ಮಾರುಕಟ್ಟೆಯ ಕಡೆ ಮುಖ ತಿರುಗಿಸಿದರು. ಆಮೇಲೆ, ನನಗಲ್ಲ, ತಮಗೇ ಹೇಳಿಕೊಳ್ಳುವ ಹಾಗೆ ಹೇಳಿದರು:

"ಬಟ್ಲು ಬರಿದಾಗಿ ಬಂತಲ್ಲ ಅವತ್ತು. ಸಾರಿಗೆ ಉಪ್ಪು ಜಾಸ್ತಿ ಆಗಿತ್ತೇನೋ, ಅಕ್ಕಂಗೆ ಬೇಜಾರಾಯ್ತೇನೋ ಅಂತ ಅಂದ್ಕೊಂಡೆ ಕಣಪ್ಪ. ಅವತ್ತಿಂದ ಇವತ್ತಿನ ತನಕ ಹಿತಕಿದ ಬೇಳೆ ಸಾರಿಗೆ ನಾನು ಉಪ್ಪು ಕಮ್ಮೀನೇ ಹಾಕೋದು."